ಹಣ ಮೊದಲು ಕೊಡಿ, ಲೆಕ್ಕ ಆಮೇಲೆ ಕೇಳಿ: ಜನ್ಮಜಾತ ನ್ಯೂನತೆಗಳ ಕಿರಿಯ ಸಂಶೋಧಕರ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಜನ್ಮಜಾತ ನ್ಯೂನತೆಗಳ ಕುರಿತ ವೈಜ್ಞಾನಿಕ ಸಮ್ಮೇಳನಗಳಿಗೆ ಕಿರಿಯ ಸಂಶೋಧಕರನ್ನು ಕಳುಹಿಸಲು ಮುಂಗಡ ನಿಧಿ ಸ್ಥಾಪಿಸುವ ಬಗ್ಗೆ.

ಮಾನ್ಯರೇ,

ಹುಟ್ಟಿನಿಂದಲೇ ಬರುವ ನ್ಯೂನತೆಗಳ ಮೇಲೆ ಕೆಲಸ ಮಾಡುವ ಕಿರಿಯ ಸಂಶೋಧಕರು, ಪಿಜಿ ವೈದ್ಯರು ಮತ್ತು ಡಿಇಐಸಿ (ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರ) ಸಿಬ್ಬಂದಿ ವೈಜ್ಞಾನಿಕ ಸಮ್ಮೇಳನಗಳಿಗೆ ಹೋಗಿಬರಲು ರಾಜ್ಯದಲ್ಲಿ ಒಂದು ಪ್ರತ್ಯೇಕ ನಿಧಿ ಆಗಬೇಕು ಎಂದು ಕೇಳಲು ಈ ಪತ್ರ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 60 ಲಕ್ಷ ರೂಪಾಯಿ ಸಾಕು. ಮೊತ್ತಕ್ಕಿಂತ ಮುಖ್ಯವಾದದ್ದು ಹಣ ಕೈಸೇರುವ ಹೊತ್ತು. ಹೋಗಿಬಂದ ಮೇಲೆ ಬಿಲ್ಲು ಕೊಟ್ಟು ಪಡೆಯುವ ಮರುಪಾವತಿಯಾದರೆ, ನಿಧಿ ಎಷ್ಟೇ ದೊಡ್ಡದಿರಲಿ, ಅದು ಮನೆಯಲ್ಲಿ ಅನುಕೂಲ ಇದ್ದವರಿಗೇ ಸೇರುತ್ತದೆ. ಹೊರಡುವ ಮೊದಲೇ ಸಿಗುವ ಮುಂಗಡವಾದರೆ ರಾಯಚೂರಿನಲ್ಲಿ, ಚಾಮರಾಜನಗರದಲ್ಲಿ ಕೆಲಸ ಮಾಡುವವರೂ ಹೋಗಿಬರುತ್ತಾರೆ.

ಸಮ್ಮೇಳನ ಎಂದರೆ ಸರ್ಕಾರದ ಖರ್ಚಿನಲ್ಲಿ ಊರು ಸುತ್ತುವುದು ಎಂಬ ಅನುಮಾನ ಸಾಮಾನ್ಯವಾಗಿ ಇದ್ದೇ ಇದೆ. ಬೇರೆ ಕ್ಷೇತ್ರಗಳ ಮಾತು ಅವರವರಿಗೆ ಬಿಟ್ಟದ್ದು. ನಮ್ಮ ಕ್ಷೇತ್ರದಲ್ಲಿ ನಾಲ್ಕು ಊರಿನವರು ಒಂದೆಡೆ ಕೂಡದಿದ್ದರೆ ರೋಗಕ್ಕೆ ಹೆಸರೇ ಸಿಗುವುದಿಲ್ಲ. ವರ್ಷಕ್ಕೆ 1,500 ಹೆರಿಗೆ ಆಗುವ ಆಸ್ಪತ್ರೆಯಲ್ಲಿ, ಹತ್ತು ಸಾವಿರ ಜನನಕ್ಕೊಂದು ಬರುವ ನ್ಯೂನತೆ ಕಾಣಿಸುವುದು ಸರಾಸರಿ ಆರೇಳು ವರ್ಷಕ್ಕೊಮ್ಮೆ. ಎರಡನೆಯ ಮಗು ಹುಟ್ಟುವ ಹೊತ್ತಿಗೆ ಮೊದಲನೆಯದನ್ನು ನೋಡಿದ ವೈದ್ಯರು ವರ್ಗವಾಗಿ ಹೋಗಿರುತ್ತಾರೆ, ದಾದಿಯರೂ ಬದಲಾಗಿರುತ್ತಾರೆ. ಒಂದೊಂದು ಆಸ್ಪತ್ರೆಯಲ್ಲೂ ಒಂದೊಂದೇ ಕಂಡ ಮಗು, ಹತ್ತು ಆಸ್ಪತ್ರೆಯವರು ಒಂದು ಕೋಣೆಯಲ್ಲಿ ಕೂತಾಗ ಮಾತ್ರ ಹತ್ತು ಮಕ್ಕಳ ಸಾಲಾಗುತ್ತದೆ.

ಇದು ಚರಿತ್ರೆಯಲ್ಲೂ ಹೀಗೇ ನಡೆದಿದೆ. 1941ರ ಅಕ್ಟೋಬರಿನಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಮ್ಯಾಕ್‌ಅಲಿಸ್ಟರ್ ಗ್ರೆಗ್, ಮೆಲ್ಬರ್ನ್‌ನಲ್ಲಿ ಕೂಡಿದ್ದ ನೇತ್ರತಜ್ಞರ ಮುಂದೆ ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದ 78 ಶಿಶುಗಳ ವಿವರ ಇಟ್ಟರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದು ಹೋಗಿತ್ತು. ಆ 78 ಮಕ್ಕಳೂ ಗ್ರೆಗ್ ಅವರೊಬ್ಬರೇ ನೋಡಿದವರಲ್ಲ. ಬೇರೆ ಊರಿನ ಸಹೋದ್ಯೋಗಿಗಳನ್ನು ಕೇಳಿ ಕೂಡಿಸಿದ ಲೆಕ್ಕವೂ ಅದರಲ್ಲಿತ್ತು. ತಾಯಿಗೆ ತಗಲಿದ ವೈರಸ್ ಹೊಟ್ಟೆಯಲ್ಲಿರುವ ಮಗುವಿನ ಅಂಗ ಕೆಡಿಸಬಲ್ಲದು ಎಂಬ ಅರಿವು ಅಲ್ಲಿಂದ ಬೆಳೆಯಿತು. ಇಪ್ಪತ್ತು ವರ್ಷಗಳ ಮೇಲೆ, 1961ರ ನವೆಂಬರ್ 18ರಂದು, ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಸ್ ಡ್ಯುಸೆಲ್‌ಡಾರ್ಫ್‌ನ ಒಂದು ಪ್ರಾದೇಶಿಕ ಸಭೆಯಲ್ಲಿ ಎದ್ದು ನಿಂತು, ಕೈಕಾಲು ಮೊಟಕಾಗಿ ಹುಟ್ಟುತ್ತಿರುವ ಮಕ್ಕಳಿಗೂ ತಾಯಂದಿರು ನುಂಗಿದ ಒಂದು ನಿದ್ದೆಮಾತ್ರೆಗೂ ಸಂಬಂಧ ಇರಬಹುದೆಂದು ಹೇಳಿದರು. ಅದು ಥಾಲಿಡೊಮೈಡ್. ಹತ್ತು ದಿನ ಕಳೆಯುವುದರೊಳಗೆ ಜರ್ಮನಿಯ ಮಾರುಕಟ್ಟೆಯಿಂದ ಮಾತ್ರೆ ಹೊರಬಿತ್ತು. ಅಚ್ಚಾದ ಲೇಖನಕ್ಕೆ ಕಾಯುತ್ತಾ ಕೂತಿದ್ದರೆ ಇನ್ನೆಷ್ಟು ಬಸುರಿಯರು ಅದನ್ನು ನುಂಗುತ್ತಿದ್ದರೋ. ನೆನಪಿಡಬೇಕಾದ ಮಾತೆಂದರೆ ಈ ಎರಡೂ ದೊಡ್ಡ ಜಾಗತಿಕ ಸಮ್ಮೇಳನಗಳಲ್ಲ, ಒಂದು ದೇಶದ ವೈದ್ಯರು ತಮ್ಮತಮ್ಮಲ್ಲೇ ಕೂಡಿದ ಸಭೆಗಳು. ಆದ್ದರಿಂದಲೇ ನಾವು ಕೇಳುವ ನಿಧಿಯಲ್ಲಿ ಹೆಚ್ಚಿನ ಸೀಟುಗಳು ದೇಶದೊಳಗಿನ ಪ್ರಯಾಣಕ್ಕೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಕಾರಣಗಳಿವೆ. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ನಮ್ಮಲ್ಲಿ ಇನ್ನೂ ನಡೆಯುತ್ತದೆ. ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ಇಂಥ ಸಮುದಾಯಗಳಲ್ಲಿ ಅಪರೂಪದ ರಿಸೆಸಿವ್ ಕಾಯಿಲೆಗಳು (ತಂದೆತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗ ಮಾತ್ರ ಕಾಣುವಂಥವು) ಬೇರೆಡೆಗಿಂತ ಹೆಚ್ಚು ಕಾಣಿಸುತ್ತವೆ. 1980ರ ದಶಕದಲ್ಲೇ ಬೆಂಗಳೂರು ಮತ್ತು ಮೈಸೂರಿನ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಅಮೈನೋ ಆಮ್ಲಗಳ ಚಯಾಪಚಯ ದೋಷ ಹುಡುಕಿದ ರಾಜ್ಯ ಇದು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಕೀಲು ಮೂಳೆಗಳ ಒಂದು ಆನುವಂಶಿಕ ಕಾಯಿಲೆಗೆ ಅಂಟಿಕೊಂಡು ವೈದ್ಯಕೀಯ ಸಾಹಿತ್ಯ ಸೇರಿದೆ. ಹೊರಗಿನವರು ಬಂದು ನಮ್ಮ ಹಳ್ಳಿಗಳನ್ನು ಅಭ್ಯಾಸ ಮಾಡಿದ್ದಾರೆ. ನಮ್ಮ ಹಳ್ಳಿಯ ಪಕ್ಕದ ಕಾಲೇಜಿನ ವಿದ್ಯಾರ್ಥಿಯೇ ಆ ಅಂಕಿಅಂಶ ಹಿಡಿದು ವೇದಿಕೆ ಹತ್ತುವುದು ಇನ್ನೂ ಅಪರೂಪ.

ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮಗುವಿನ ನರಕೊಳವೆ (ಮುಂದೆ ಮೆದುಳು, ಬೆನ್ನುಹುರಿ ಆಗುವ ಭಾಗ) ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ತಾಯಿ ಕಾರ್ಡ್ ಸಿಗುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಹಿಂದೆ ನರಕೊಳವೆ ಸರಿಯಾಗಿ ಮುಚ್ಚದ ಮಗು ಹೆತ್ತ ತಾಯಂದಿರಿಗೆ ಗರ್ಭ ಧರಿಸುವ ಮೊದಲಿನಿಂದ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟರೆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗುತ್ತದೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ (ಎಂಆರ್‌ಸಿ) ಪ್ರಯೋಗ ತೋರಿಸಿತು. ನಮ್ಮ ಹದಿಹರೆಯದ ಹುಡುಗಿಯರಿಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇರುವ ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ವಾರದ ಮಾತ್ರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾರ್ಗಸೂಚಿ ಹೇಳುವ ಪ್ರಮಾಣ 2,800 ಮೈಕ್ರೋಗ್ರಾಂ, ಅಂದರೆ ಐದೂವರೆ ಪಟ್ಟಿಗಿಂತ ಹೆಚ್ಚು. ಈ ಅಂತರ ಕೊಪ್ಪಳದ ಅಥವಾ ಬೀದರಿನ ಒಬ್ಬ ಸೊಸೆಯ ರಕ್ತದಲ್ಲಿ ಹೇಗೆ ಕಾಣುತ್ತದೆ, ಮಾತ್ರೆಯ ಪ್ರಮಾಣ ಬದಲಿಸಬೇಕೇ, ಗೋಧಿಹಿಟ್ಟು ಕಡಿಮೆ ತಿನ್ನುವ ನಮ್ಮಲ್ಲಿ ಅಕ್ಕಿಯ ಬಲವರ್ಧನೆ (ಅಕ್ಕಿಗೆ ಪೋಷಕಾಂಶ ಬೆರೆಸುವುದು) ಎಷ್ಟು ನೆರವಾದೀತು? ಇವು ಒಬ್ಬ ಪಿಜಿ ವಿದ್ಯಾರ್ಥಿ ಎರಡು ವರ್ಷದಲ್ಲಿ ಮಾಡಬಹುದಾದ ಕೆಲಸಗಳು. ಆದರೆ ರಕ್ತಕಣಗಳಲ್ಲಿನ ಫೋಲೇಟ್ (ದೇಹದಲ್ಲಿರುವ ಫೋಲಿಕ್ ಆಮ್ಲದ ರೂಪ) ಅಳೆಯುವ ವಿಧಾನ ಒಂದೊಂದು ಪ್ರಯೋಗಾಲಯದಲ್ಲಿ ಒಂದೊಂದು ಅಂಕಿ ಕೊಡುತ್ತದೆ. ತಾನು ಬಳಸಿದ ವಿಧಾನ ಬೇರೆಯವರ ಅಂಕಿಗಳಿಗೆ ಹೋಲಿಸಲು ಯೋಗ್ಯವೋ ಅಲ್ಲವೋ ಎಂಬುದು ಆ ವಿದ್ಯಾರ್ಥಿಗೆ ಪ್ರಬಂಧ ಬರೆದು ಮುಗಿಸುವ ಮೊದಲೇ ಗೊತ್ತಾಗಬೇಕು. ಸಮ್ಮೇಳನದಲ್ಲಿ ತನ್ನ ಕೆಲಸವನ್ನು ಅಚ್ಚು ಹಾಕಿಸಿ ತೂಗುಹಾಕಿದ ಪೋಸ್ಟರಿನ ಮುಂದೆ ನಿಂತ ಒಂದು ಗಂಟೆಯಲ್ಲಿ ಅದು ಗೊತ್ತಾಗುತ್ತದೆ.

ಕಂಡ ನ್ಯೂನತೆಗಳನ್ನು ದಾಖಲಿಸುವ ನೋಂದಣಿಯ ವಿಷಯವೂ ಹಾಗೆಯೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸೀಳುತುಟಿ, ತಿರುಚು ಪಾದ, ನರಕೊಳವೆ ದೋಷ, ಹುಟ್ಟು ಹೃದ್ರೋಗ ಸೇರಿದಂತೆ ಹುಟ್ಟಿನ ಒಂಬತ್ತು ತೊಂದರೆಗಳನ್ನು ಗುರುತಿಸಬೇಕು. ಗುರುತಿಸಿದ್ದನ್ನು ಸರಿಯಾಗಿ ಬರೆಯುವುದು ಇನ್ನೊಂದು ವಿದ್ಯೆ. ಬೆನ್ನುಹುರಿ ಸೀಳಿದ ಮಗುವಿಗೆ ತಲೆಯಲ್ಲಿ ನೀರು ತುಂಬಿದ್ದರೆ ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಒಂದು ಸಂಕೇತ, ಇಲ್ಲದಿದ್ದರೆ ಇನ್ನೊಂದು. ಕೂಸಿನ ಪಾದ ಕೈಯಿಂದ ಒತ್ತಿದರೆ ನೇರವಾಗುವಂಥದ್ದೋ ಬಿಗಿದುಕೊಂಡದ್ದೋ ಎಂದು ಬರೆಯದೆ ಬರೀ 'ಕ್ಲಬ್ ಫೂಟ್' ಎಂದು ನಮೂದಿಸಿದರೆ ಒಂದು ಜಿಲ್ಲೆಯಲ್ಲಿ ಸಂಖ್ಯೆ ದುಪ್ಪಟ್ಟಾಗುತ್ತದೆ. 18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ ಪತ್ತೆಯಾಗಿ, 2021ರಲ್ಲಿ ತಿದ್ದುಪಡಿಯಾದ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಯಡಿ ಗರ್ಭಪಾತವಾದ ಪ್ರಕರಣ ಹೆರಿಗೆ ಕೊಠಡಿಯ ರಿಜಿಸ್ಟರಿಗೆ ಬರುವುದೇ ಇಲ್ಲ. ಸ್ಕ್ಯಾನಿಂಗ್ ಚೆನ್ನಾಗಿರುವ ಜಿಲ್ಲೆಯಲ್ಲಿ ನರಕೊಳವೆ ದೋಷ ಕಡಿಮೆಯಾದಂತೆ ಸುಳ್ಳು ಚಿತ್ರ ಮೂಡುತ್ತದೆ. ಯುರೋಪಿನ ಜನ್ಮಜಾತ ನ್ಯೂನತೆ ನೋಂದಣಿಗಳ ಯೂರೋಕ್ಯಾಟ್ ಜಾಲ 1979ರಿಂದಲೂ, 1974ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ಲಿಯರಿಂಗ್‌ಹೌಸ್ (ನಾನಾ ದೇಶಗಳ ಇಂಥ ನೋಂದಣಿಗಳ ಕೂಟ) ಅದಕ್ಕೂ ಮೊದಲಿನಿಂದಲೂ ಇಂಥ ತೊಡಕುಗಳನ್ನು ಬಿಡಿಸುತ್ತಾ ಬಂದಿವೆ. ಡಿಇಐಸಿಯ ಡೇಟಾ ನೋಡಿಕೊಳ್ಳುವವರು ಒಂದು ನೋಂದಣಿ ಕಾರ್ಯಾಗಾರದಲ್ಲಿ ಒಂದು ದಿನ ಕೂತರೆ, ವಾಪಸು ಬಂದ ವಾರವೇ ರಿಜಿಸ್ಟರಿನ ಅಂಕಣ ಬದಲಾಗುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿಗಳಷ್ಟೇ ಹಕ್ಕು ಇವರಿಗೂ ಇದೆ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಈಗ ಖರ್ಚಿನ ಲೆಕ್ಕ. ದೇಶದೊಳಗಿನ ಸಮ್ಮೇಳನಕ್ಕೆ, ಉದಾಹರಣೆಗೆ ಭಾರತೀಯ ವೈದ್ಯಕೀಯ ತಳಿಶಾಸ್ತ್ರ ಅಕಾಡೆಮಿಯ ವಾರ್ಷಿಕ ಸಮ್ಮೇಳನಕ್ಕೆ ಒಬ್ಬರು ದೂರದ ಊರಿಗೆ ಹೋಗಿಬರಲು ನೋಂದಣಿ ಶುಲ್ಕ, ಮೂರು ರಾತ್ರಿ ವಸತಿ, ಮೂರನೇ ದರ್ಜೆ ಎ.ಸಿ. ರೈಲು, ಪೋಸ್ಟರ್ ಮುದ್ರಣ, ಊಟ, ಆಟೋ ಎಲ್ಲ ಸೇರಿ 25,000 ರೂಪಾಯಿ ಹಿಡಿದಿದ್ದೇವೆ. ಯುರೋಪಿನ ಸಮ್ಮೇಳನವಾದರೆ ಅಂದಾಜು ಹೀಗೆ: ವಿಮಾನ 80,000, ನೋಂದಣಿ 35,000, ನಾಲ್ಕು ರಾತ್ರಿಯ ಸಾಧಾರಣ ವಸತಿ 36,000, ಐದು ದಿನದ ಊಟ ಮತ್ತು ಸ್ಥಳೀಯ ಓಡಾಟ 20,000, ವೀಸಾ ಮತ್ತು ವಿಮೆ 12,000, ಪೋಸ್ಟರ್ 2,000. ಒಟ್ಟು 1,85,000 ರೂಪಾಯಿ. 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಮಾಸಿಕ ಶಿಷ್ಯವೇತನ 37,000. ಅಂದರೆ ಊಟ, ಬಾಡಿಗೆ ಯಾವುದಕ್ಕೂ ಒಂದು ಪೈಸೆ ಮುಟ್ಟದೆ ಐದು ತಿಂಗಳು ಕೂಡಿಟ್ಟರೆ ಆ ಮೊತ್ತ ಆಗುತ್ತದೆ. ಅದನ್ನು ಮೊದಲು ತನ್ನ ಕೈಯಿಂದ ಹಾಕಿ, ಆರೆಂಟು ತಿಂಗಳು ಮರುಪಾವತಿಗೆ ಕಾಯಿರಿ ಎಂದು ಹೇಳುವ ನಿಯಮಕ್ಕೆ ಯಾರು ಒಪ್ಪಿಯಾರು? ಅರ್ಜಿಯನ್ನೇ ಹಾಕದೆ ಸುಮ್ಮನಿರುತ್ತಾರೆ. ಆಮೇಲೆ ಅರ್ಜಿಗಳೇ ಬರಲಿಲ್ಲ, ಬೇಡಿಕೆ ಇಲ್ಲ ಎಂದು ಹಣ ವಾಪಸು ಹೋಗುತ್ತದೆ.

ಐಸಿಎಂಆರ್, ಎಎನ್‌ಆರ್‌ಎಫ್, ಡಿಬಿಟಿ ಎಂಬ ಕೇಂದ್ರದ ಸಂಶೋಧನಾ ಸಂಸ್ಥೆಗಳಲ್ಲಿ ಪ್ರಯಾಣ ನೆರವಿನ ಯೋಜನೆಗಳಿವೆ, ಅವುಗಳಿಂದ ಅನೇಕರಿಗೆ ಉಪಕಾರವಾಗಿದೆ. ಅವು ವಿಶಾಲ ಕ್ಷೇತ್ರಗಳಿಗೆ ಸೇರಿದವು. ರಾಜ್ಯದ ನಿಧಿ ಅವುಗಳ ಜೊತೆ ಪೈಪೋಟಿಗೆ ಇಳಿಯಬೇಕಿಲ್ಲ. ಅಲ್ಲಿ ನೆರವು ಸಿಕ್ಕವರಿಗೆ ಉಳಿದ ವ್ಯತ್ಯಾಸ ಮಾತ್ರ ತುಂಬಿದರೂ ಸಾಕು.

ಅಡಚಣೆಯೆಲ್ಲ ದಿನಾಂಕಗಳಲ್ಲಿದೆ. ಮಂಡಿಸಲಿರುವ ಕೆಲಸದ ಸಾರಾಂಶ ಸಲ್ಲಿಸುವ ಕೊನೆಯ ದಿನ ಸಾಮಾನ್ಯವಾಗಿ ಸಮ್ಮೇಳನಕ್ಕೆ ನಾಲ್ಕರಿಂದ ಆರು ತಿಂಗಳು ಮೊದಲು. ಒಪ್ಪಿಗೆಯ ಮಿಂಚಂಚೆ ಬರುವುದು ಎರಡು ಮೂರು ತಿಂಗಳು ಇರುವಾಗ. ರಿಯಾಯಿತಿ ನೋಂದಣಿ ಅದಾಗಿ ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಯುರೋಪಿನ ಬಹುತೇಕ ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದ ತೀರ್ಮಾನಕ್ಕೆ ಮಾಮೂಲು 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನ. ಅದಕ್ಕೂ ಮೊದಲು ಅಪಾಯಿಂಟ್‌ಮೆಂಟ್ ಸಿಗಬೇಕು. ಒಪ್ಪಿಗೆ ಪತ್ರ ಬಂದ ಮೇಲೆಯೇ ಅರ್ಜಿ ಹಾಕಿ ಎನ್ನುವ ನಿಯಮವಿದ್ದರೆ, ಕಡತ ಮೇಜಿನಿಂದ ಮೇಜಿಗೆ ಹೋಗಿ ಮಂಜೂರಾಗುವಷ್ಟರಲ್ಲಿ ಸಮ್ಮೇಳನವೇ ಮುಗಿದಿರುತ್ತದೆ. ಆದ್ದರಿಂದ ನಮ್ಮ ಸಲಹೆ ಷರತ್ತಿನ ಮಂಜೂರಾತಿ. ಸಾರಾಂಶ ಸಲ್ಲಿಸಿದ ದಿನವೇ ವಿದ್ಯಾರ್ಥಿ ನಿಧಿಗೂ ಅರ್ಜಿ ಹಾಕಲಿ. ಸಮಿತಿ 15 ದಿನದಲ್ಲಿ ತೀರ್ಮಾನಿಸಿ, 'ಸಾರಾಂಶ ಅಂಗೀಕಾರವಾದರೆ ಇಷ್ಟು ಹಣ' ಎಂದು ಪತ್ರ ಕೊಡಲಿ. ಅಂಗೀಕಾರದ ಪತ್ರ ಅಪ್‌ಲೋಡ್ ಮಾಡಿದ ಏಳು ದಿನದೊಳಗೆ ಶೇ 90 ಮುಂಗಡ ಖಾತೆಗೆ ಬರಲಿ. ಉಳಿದ ಶೇ 10 ಲೆಕ್ಕ ಒಪ್ಪಿಸಿದ ಮೇಲೆ.

ಆ ಮಂಜೂರಾತಿ ಪತ್ರ ವೀಸಾ ಕಚೇರಿಯಲ್ಲೂ ಕೆಲಸಕ್ಕೆ ಬರುತ್ತದೆ. ಖರ್ಚು ಯಾರು ಭರಿಸುತ್ತಾರೆ ಎಂಬುದಕ್ಕೆ ಅದೇ ಪುರಾವೆ; ಶಿಷ್ಯವೇತನದ ಬ್ಯಾಂಕ್ ಖಾತೆಯಲ್ಲಿ ತೋರಿಸುವಂಥ ಬಾಕಿ ಇರುವುದಿಲ್ಲ. ಅದಕ್ಕಾಗಿ ಪತ್ರ ಇಂಗ್ಲಿಷಿನಲ್ಲೂ ಇರಬೇಕು, ಪ್ರಯಾಣದ ದಿನಾಂಕ ಮತ್ತು ಮೊತ್ತ ಅದರಲ್ಲಿ ಇರಬೇಕು, ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆಯ ಇನಿಷಿಯಲ್ ಇಲ್ಲಿ ಬಹಳ ಕಾಡುತ್ತದೆ: ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಊರಿನ ಹೆಸರು ಮತ್ತು ಅಪ್ಪನ ಹೆಸರು, ಸಮ್ಮೇಳನದ ಆಹ್ವಾನದಲ್ಲಿ ಮೂರನೆಯ ರೂಪ. ಅರ್ಜಿ ನಮೂನೆಯ ಮೊದಲ ಸಾಲಿನಲ್ಲೇ ಪಾಸ್‌ಪೋರ್ಟಿನ ಹೆಸರು ಕೇಳಿದರೆ ಈ ತೊಂದರೆ ಅಲ್ಲಿಗೇ ತೀರಿತು. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದು ಖರ್ಚಿನ ಪಟ್ಟಿಯಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಆಮೇಲೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ. ವೀಸಾ ನಿರಾಕರಣೆಯಾದರೆ ಕಟ್ಟಿದ ಶುಲ್ಕವನ್ನು ವಿದ್ಯಾರ್ಥಿಯಿಂದ ವಸೂಲಿ ಮಾಡಬಾರದು. ಅದು ಆತನ ಅಥವಾ ಆಕೆಯ ತಪ್ಪಲ್ಲ. ಟಿಕೆಟ್ಟು ರದ್ದಾದರೆ ಹಣ ಮರಳುವ ದರದ್ದನ್ನೇ ಕೊಳ್ಳಲು ಅವಕಾಶ ಇರಲಿ. ಕಡ್ಡಾಯವಾಗಿ ಅತಿ ಕಡಿಮೆ ದರದ್ದೇ ಆಗಬೇಕೆಂದರೆ, ಒಂದು ವೀಸಾ ತಡವಾದಾಗ ಪೂರ್ತಿ 80,000 ನೀರಿಗೆ ಹೋಗುತ್ತದೆ.

ನೋಂದಣಿ ಶುಲ್ಕ ಕಟ್ಟುವುದೂ ಸಣ್ಣ ಕೆಲಸವಲ್ಲ. ವಿದೇಶಿ ಸಂಸ್ಥೆಗೆ ಡಾಲರಿನಲ್ಲೋ ಯೂರೋದಲ್ಲೋ ಕಟ್ಟಬೇಕು. ಹೆಚ್ಚಿನ ವಿದ್ಯಾರ್ಥಿಗಳ ಕೈಯಲ್ಲಿರುವ ಡೆಬಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಆಗುವುದಿಲ್ಲ, ಕ್ರೆಡಿಟ್ ಕಾರ್ಡ್ ಇರುವುದಿಲ್ಲ. ಸ್ನೇಹಿತರ ಕಾರ್ಡಿನಲ್ಲಿ ಕಟ್ಟಿದರೆ ರಸೀದಿಯಲ್ಲಿ ಬೇರೆ ಹೆಸರು ಬಂದು ಬಿಲ್ಲು ತಿರಸ್ಕೃತವಾಗುತ್ತದೆ. ನಿಧಿ ನೋಡಿಕೊಳ್ಳುವ ಸಂಸ್ಥೆಯೇ ತನ್ನ ಕಾರ್ಡಿನಿಂದ ನೇರವಾಗಿ ಶುಲ್ಕ ಕಟ್ಟಿದರೆ ಇದೆಲ್ಲ ತಪ್ಪುತ್ತದೆ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನೂ ಒಪ್ಪತಕ್ಕ ಖರ್ಚೆಂದು ಆದೇಶದಲ್ಲೇ ಬರೆಯಬೇಕು. ಊಟಕ್ಕೆ ಬಿಲ್ಲು ಕೇಳದೆ ದಿನಕ್ಕಿಷ್ಟು ಎಂದು ನಿಗದಿ ಮಾಡುವುದು ಒಳ್ಳೆಯದು.

ಹಣ ಎಲ್ಲಿಂದ ಎಲ್ಲಿಗೆ ಹರಿಯಬೇಕು ಎಂಬುದನ್ನೂ ಹೇಳಿಬಿಡುತ್ತೇವೆ. ಪ್ರತಿ ಪ್ರಯಾಣಕ್ಕೂ ಸರ್ಕಾರದ ಖಜಾನೆ-2 ತಂತ್ರಾಂಶದಲ್ಲಿ ಬೇರೆ ಬೇರೆ ಬಿಲ್ಲು ಎತ್ತುವ ವ್ಯವಸ್ಥೆಯಾದರೆ ಏಳು ದಿನದ ಗಡುವು ಕನಸಿನ ಮಾತು. ಸಹಾಯಾನುದಾನವಾಗಿ ಒಂದು ನೋಡಲ್ ಸಂಸ್ಥೆಗೆ, ನಮ್ಮ ಅಭಿಪ್ರಾಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಎರಡು ಕಂತಿನಲ್ಲಿ ಬಿಡುಗಡೆ ಮಾಡಿ, ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಏಪ್ರಿಲ್ ಕಂತು ತಡವಾದರೆ ಏನಾಗುತ್ತದೆಂದರೆ, ಅಮೆರಿಕದ ಜನ್ಮಜಾತ ನ್ಯೂನತೆಗಳ ಸಂಶೋಧನಾ ಸೊಸೈಟಿಯ ವಾರ್ಷಿಕ ಸಭೆ ಹೆಚ್ಚಾಗಿ ಜೂನ್ ಕೊನೆಯ ಹೊತ್ತಿಗೆ ಬರುತ್ತದೆ; ಅದಕ್ಕೆ ಹೊರಡಬೇಕಾದವರ ವೀಸಾ, ಟಿಕೆಟ್ಟು ಎಲ್ಲ ಏಪ್ರಿಲ್‌ನಲ್ಲೇ ಆಗಬೇಕು. ಹೀಗಾಗಿ ಹಿಂದಿನ ವರ್ಷದ ಉಳಿಕೆಯಲ್ಲಿ ಶೇ 20ರಷ್ಟನ್ನು ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗದಂತೆ ಮುಂದುವರಿಸಲು ಅನುಮತಿ ಬೇಕು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ ಆರ್13 ಎಂಬ ಅನುದಾನ ಇದೆ. ಅಲ್ಲಿ ಹಣ ಹೋಗುವುದು ಸಮ್ಮೇಳನ ನಡೆಸುವವರಿಗೆ, ಅವರು ಅದರಲ್ಲಿ ಕಿರಿಯರ ಪ್ರಯಾಣದ ನೆರವು ಹಂಚಬಹುದು. ಕರ್ನಾಟಕದಲ್ಲೇ ಸಮ್ಮೇಳನ ನಡೆದಾಗ ಈ ದಾರಿ ನಮಗೂ ಸುಲಭ: ಸಂಘಟಕರಿಗೆ ಹಣ ಕೊಟ್ಟು, ಇಪ್ಪತ್ತು ಕಿರಿಯರ ನೋಂದಣಿ ಮತ್ತು ವಸತಿ ನೀವೇ ನೋಡಿಕೊಳ್ಳಿ ಎಂದರೆ ಇಪ್ಪತ್ತು ಕಡತಗಳ ಬದಲು ಒಂದೇ ಕಡತ. ಹೊರಗಿನ ಸಮ್ಮೇಳನಗಳಿಗೆ ಇದು ಆಗದು. ಹತ್ತಿರ ಬಂದದ್ದನ್ನು ಬಿಡಬಾರದು ಎಂಬುದು ಇನ್ನೊಂದು ಮಾತು. ಅಭಿವೃದ್ಧಿಶೀಲ ದೇಶಗಳ ಜನ್ಮಜಾತ ನ್ಯೂನತೆಗಳ ಅಂತರರಾಷ್ಟ್ರೀಯ ಸಮ್ಮೇಳನ 2009ರಲ್ಲಿ ದೆಹಲಿಯಲ್ಲಿ, 2020ರ ಫೆಬ್ರುವರಿಯಲ್ಲಿ ಕೊಲಂಬೊದಲ್ಲಿ ನಡೆಯಿತು. ಬೆಂಗಳೂರಿನಿಂದ ದೆಹಲಿಗಿಂತ ಕೊಲಂಬೊ ಹತ್ತಿರ. ಅಂಥ ವರ್ಷ ಒಬ್ಬರನ್ನು ಯುರೋಪಿಗೆ ಕಳುಹಿಸುವ ಹಣದಲ್ಲಿ ಇಬ್ಬರು ಮೂವರು ಹೋಗಿಬರಬಹುದು. ಸಮಿತಿಗೆ ಸೀಟುಗಳನ್ನು ಹಾಗೆ ಬದಲಿಸಿಕೊಳ್ಳುವ ಅಧಿಕಾರ ಇರಲಿ.

ಯಾರು ಅರ್ಹರು ಎಂಬಲ್ಲಿ ಮೂರು ನಿಯಮಗಳು ಸಾಮಾನ್ಯವಾಗಿ ತಪ್ಪು ಜನರನ್ನು ಹೊರಗಿಡುತ್ತವೆ. ಮೊದಲನೆಯದು 35 ವರ್ಷದ ವಯೋಮಿತಿ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಡಿಎಂ ಮೂರು, ನಡುವೆ ಪ್ರವೇಶ ಪರೀಕ್ಷೆ ಮತ್ತು ಕಡ್ಡಾಯ ಸೇವೆ. ಹೆರಿಗೆ ರಜೆ ತೆಗೆದುಕೊಂಡ ಹೆಣ್ಣುಮಗಳು ಕಲಿಕೆ ಮುಗಿಸುವ ಹೊತ್ತಿಗೇ ಮಿತಿ ದಾಟಿರುತ್ತಾಳೆ. ವಯಸ್ಸಿನ ಬದಲು ಕೊನೆಯ ಪದವಿಯಿಂದ ಏಳು ವರ್ಷ ಎಂದು ಎಣಿಸಿ, ಹೆರಿಗೆ ರಜೆಯನ್ನು ಅದರಿಂದ ಕಳೆಯಬೇಕು. ಎರಡನೆಯದು ಕಾಯಂ ಹುದ್ದೆ ಇರಬೇಕೆಂಬ ಷರತ್ತು. ಡಿಇಐಸಿಗಳಲ್ಲಿ, ಸಂಶೋಧನಾ ಯೋಜನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಗುತ್ತಿಗೆಯವರು. ಅವರಿಗೆ ಓಓಡಿ (ಹೋದ ದಿನಗಳನ್ನು ಕೆಲಸದ ದಿನಗಳೆಂದೇ ಎಣಿಸುವ) ಸೌಲಭ್ಯವನ್ನೂ ಇದೇ ಆದೇಶದಲ್ಲಿ ಕೊಡಬೇಕು, ಇಲ್ಲದಿದ್ದರೆ ಪ್ರಯಾಣದ ಹಣ ಕೊಟ್ಟು ಆ ದಿನಗಳ ಸಂಬಳ ಕತ್ತರಿಸಿದಂತಾಗುತ್ತದೆ. ಮೂರನೆಯದು ವೇದಿಕೆ ಭಾಷಣ ಇದ್ದರೆ ಮಾತ್ರ ನೆರವು ಎಂಬುದು. ನಮ್ಮ ಕ್ಷೇತ್ರದಲ್ಲಿ ಒಂದೇ ಕುಟುಂಬದ ವಿವರ, ನೋಂದಣಿಯ ಅಂಕಿ, ಭ್ರೂಣ ಶವಪರೀಕ್ಷೆಯ ಫಲಿತಾಂಶ ಬರುವುದು ಪೋಸ್ಟರ್ ಆಗಿಯೇ. ಪೋಸ್ಟರಿಗೂ ಪೂರ್ತಿ ನೆರವು ಸಿಗಬೇಕು. ಆರು ತಿಂಗಳ ಕೂಸು ಇರುವ ತಾಯಿ ಜೊತೆಗೆ ಒಬ್ಬರನ್ನು ಕರೆದೊಯ್ಯಲು 25,000 ರೂಪಾಯಿಯ ಹತ್ತು ಹೆಚ್ಚುವರಿ ನೆರವುಗಳನ್ನು ಕೇಳಿದ್ದೇವೆ. ಮಕ್ಕಳ ಆರೋಗ್ಯದ ಬಗ್ಗೆಯೇ ಇರುವ ನಿಧಿಯಲ್ಲಿ ಇದು ಇರದಿದ್ದರೆ ಹೇಗೆ?

ಒಟ್ಟು ಲೆಕ್ಕ ಹೀಗಿದೆ. 31 ಜಿಲ್ಲೆಗಳಿಂದ ಡಿಇಐಸಿಯ ತಲಾ ಒಬ್ಬರು ಮತ್ತು 60 ಪಿಜಿ, ಪಿಎಚ್‌.ಡಿ. ವಿದ್ಯಾರ್ಥಿಗಳು ದೇಶದೊಳಗೆ, ತಲಾ 25,000ದಂತೆ 22.75 ಲಕ್ಷ. 15 ಮಂದಿ ವಿದೇಶಕ್ಕೆ, ವಿನಿಮಯ ದರದ ಏರಿಳಿತಕ್ಕೆ ಸ್ವಲ್ಪ ಬಿಟ್ಟು ತಲಾ 2 ಲಕ್ಷದಂತೆ 30 ಲಕ್ಷ. ಕೂಸಿನ ತಾಯಂದಿರಿಗೆ 2.5 ಲಕ್ಷ. ಆನ್‌ಲೈನ್ ನೋಂದಣಿ 60 ಮಂದಿಗೆ 8,000ದಂತೆ 4.8 ಲಕ್ಷ. ಕೂಡಿದರೆ 60 ಲಕ್ಷದ 5 ಸಾವಿರ. ಆನ್‌ಲೈನ್ ಒಂದೇ ಸಾಕಲ್ಲವೇ ಎಂದು ಕೇಳಬಹುದು. ಭಾಷಣ ಕೇಳಲು ಸಾಕು. ಆದರೆ ಈ ಸಮ್ಮೇಳನಗಳಲ್ಲಿ ಬಲು ಬೆಲೆಯುಳ್ಳ ಭಾಗ, ರೋಗ ಗೊತ್ತಾಗದ ಮಕ್ಕಳ ಚಿತ್ರಗಳನ್ನು ತೋರಿಸಿ 'ಇದನ್ನು ಯಾರಾದರೂ ನೋಡಿದ್ದೀರಾ' ಎಂದು ಸಭೆಯನ್ನು ಕೇಳುವ ಹೊತ್ತು. ಗುರುತು ಕಾಪಾಡುವ ದೃಷ್ಟಿಯಿಂದ ಅಂಥ ಚಿತ್ರಗಳನ್ನು ಪರದೆಯ ಮೂಲಕ ದೂರದವರಿಗೆ ಕಳಿಸುವುದು ಉಚಿತವೂ ಅಲ್ಲ.

ಚಿತ್ರದ ಮಾತು ಬಂದದ್ದರಿಂದ ಇದನ್ನು ಬಿಡುವಂತಿಲ್ಲ. ಮುಖಲಕ್ಷಣ ನೋಡಿ ರೋಗ ಹೇಳುವ ನಮ್ಮ ಶಾಸ್ತ್ರದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಬಳಿದರೆ ಗುರುತು ಮರೆಯಾಗುವುದಿಲ್ಲ, ರೋಗದ ಸಾಕ್ಷಿ ಮಾತ್ರ ಮರೆಯಾಗುತ್ತದೆ. ಕಣ್ಣುಗಳ ನಡುವಿನ ಅಂತರ, ರೆಪ್ಪೆಯ ಓರೆ ಎಲ್ಲ ಅಲ್ಲೇ ಇರುವುದು. ಹಾಗಾಗಿ ತಂದೆತಾಯಿಯ ಒಪ್ಪಿಗೆ ಪತ್ರ ಬೇರೆಯೇ ಬೇಕು: ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಸಮ್ಮೇಳನಕ್ಕೆ ಸಲ್ಲದು. ಪತ್ರ ಕನ್ನಡದಲ್ಲಿ ಅಥವಾ ಅವರ ಮನೆಮಾತಿನಲ್ಲಿ ಇರಬೇಕು, ಯಾವ ಚಿತ್ರ, ಎಲ್ಲಿ, ಎಂಥವರ ಮುಂದೆ ಎಂದು ಓದಿ ಹೇಳಬೇಕು, ಬೇಡ ಎಂದರೂ ಚಿಕಿತ್ಸೆ ನಿಲ್ಲದು ಎಂದು ಬರೆದಿರಬೇಕು. ಸಾಂಸ್ಥಿಕ ನೈತಿಕ ಸಮಿತಿಯ ಪತ್ರ ಮತ್ತು ಈ ಒಪ್ಪಿಗೆ ಎರಡೂ ಇಲ್ಲದ ಅರ್ಜಿಗೆ, ಕೆಲಸ ಎಷ್ಟೇ ಚೆನ್ನಾಗಿರಲಿ, ನಿಧಿಯಿಂದ ಹಣ ಕೊಡಬಾರದು ಎಂದು ನಾವೇ ಕೇಳಿಕೊಳ್ಳುತ್ತೇವೆ.

ನಕಲಿ ಸಮ್ಮೇಳನಗಳ ಬಗ್ಗೆಯೂ ಎಚ್ಚರ ಬೇಕು. ಸಾರಾಂಶ ಕಳಿಸಿದ ಎರಡೇ ದಿನಕ್ಕೆ 'ಅಂಗೀಕೃತ' ಎಂದು ಉತ್ತರ, ಒಂದೇ ಹೋಟೆಲಿನಲ್ಲಿ ಒಂದೇ ದಿನ ಹಲ್ಲಿನ ವೈದ್ಯಕ್ಕೂ ಹೃದ್ರೋಗಕ್ಕೂ ತಳಿಶಾಸ್ತ್ರಕ್ಕೂ ಬೇರೆ ಬೇರೆ ಹೆಸರಿನ ಸಮ್ಮೇಳನ, ಹಿಂದೆ ಯಾವುದೇ ವೃತ್ತಿಪರ ಸಂಘ ಇಲ್ಲದಿರುವುದು: ಇವು ಸಿಕ್ಕಿದರೆ ಆ ಅರ್ಜಿ ನಿಲ್ಲಿಸಬೇಕು. ವಿದ್ಯಾರ್ಥಿಯನ್ನು ದೂರಬೇಡಿ. ಬೇರೆ ಸಮ್ಮೇಳನ ಸೂಚಿಸಿ, ಅದೇ ಅರ್ಜಿಯನ್ನು ಮುಂದಿನ ಸರದಿಗೆ ಉಳಿಸಿಕೊಳ್ಳಿ.

ಆಯ್ಕೆಗೆ ವರ್ಷಕ್ಕೆ ನಾಲ್ಕು ಸರದಿ ಸಾಕು. ಹೆಸರು, ಕಾಲೇಜು ಮುಚ್ಚಿಟ್ಟ ಸಾರಾಂಶವನ್ನು ಮೂವರು ಓದಿ ಅಂಕ ಕೊಡಲಿ. ಮೊದಲ ಸಲ ಹೋಗುವವರಿಗೆ ಆದ್ಯತೆ, ಒಬ್ಬರಿಗೆ ಎರಡು ವರ್ಷಕ್ಕೊಮ್ಮೆ ಮಾತ್ರ. ಮಾರ್ಗದರ್ಶಕರ ಪ್ರಯಾಣ ಈ ನಿಧಿಯಿಂದ ಬೇಡವೇ ಬೇಡ. ಮರಳಿದ 30 ದಿನದೊಳಗೆ ಬೋರ್ಡಿಂಗ್ ಪಾಸ್, ಹಾಜರಾತಿ ಪತ್ರ, ವಸತಿ ಬಿಲ್ಲು ಸಲ್ಲಿಸಲಿ. ಅದರ ಜೊತೆಗೆ, 60 ದಿನದೊಳಗೆ ತಮ್ಮ ಜಿಲ್ಲೆಯ ಹೆರಿಗೆ ಕೊಠಡಿ ದಾದಿಯರಿಗೆ ಮತ್ತು ವೈದ್ಯರಿಗೆ ಒಂದು ಗಂಟೆ ಪಾಠ, ಕನ್ನಡದಲ್ಲಿ. ಹತ್ತು ಪುಟದ ವರದಿ ಕೇಳುವುದಕ್ಕಿಂತ ಇದು ಉಪಯುಕ್ತ. ವರದಿಗಳನ್ನು ಯಾರೂ ಓದುವುದಿಲ್ಲ, ದಾದಿಯರು ಮಾತ್ರ ಪ್ರಶ್ನೆ ಕೇಳುತ್ತಾರೆ.

ಅರ್ಜಿ ನಮೂನೆ ಎರಡು ಪುಟ ಮೀರಬಾರದು. ಅದರ ಕರಡನ್ನೂ, ಕನ್ನಡದ ಒಪ್ಪಿಗೆ ಪತ್ರದ ಕರಡನ್ನೂ ನಾವು ಸಿದ್ಧಪಡಿಸಿ ಕೊಡುತ್ತೇವೆ, ಮೊದಲ ವರ್ಷದ ಸಾರಾಂಶಗಳನ್ನು ಸಂಭಾವನೆ ಇಲ್ಲದೆ ಓದಿ ಅಂಕ ಕೊಡುತ್ತೇವೆ. ಮಾರ್ಚ್ 3 ವಿಶ್ವ ಜನ್ಮಜಾತ ನ್ಯೂನತೆಗಳ ದಿನ. ಮುಂದಿನ ಆಯವ್ಯಯದಲ್ಲಿ ಲೆಕ್ಕಶೀರ್ಷಿಕೆ ತೆರೆದು, ಅರ್ಜಿ ಕರೆಯುವ ಪ್ರಕಟಣೆ ಆ ದಿನ ಹೊರಟರೆ, ಏಪ್ರಿಲ್ ಕಂತು ಬರುವ ಹೊತ್ತಿಗೆ ಮೊದಲ ಸರದಿಯ ಹೆಸರುಗಳು ಸಿದ್ಧವಿರುತ್ತವೆ.

ಇಂತಿ ತಮ್ಮ ವಿಶ್ವಾಸಿಗಳು,
ಜನ್ಮಜಾತ ನ್ಯೂನತೆಗಳ ಚಿಕಿತ್ಸೆ, ಬೋಧನೆ, ನೋಂದಣಿ ಮತ್ತು ಸಂಶೋಧನೆಯಲ್ಲಿ ತೊಡಗಿರುವ ಕರ್ನಾಟಕದ ವೈದ್ಯರು, ಆನುವಂಶಿಕ ಸಲಹೆಗಾರರು ಮತ್ತು ಅಧ್ಯಾಪಕರು